ಮಗಳಿಗೊಂದು ಪತ್ರ: ಒಂದೇ ಊರು, ಎರಡು ನೋಟು

ಪ್ರೀತಿಯ ಪುಟ್ಟಿ,

ಬರ್ಲಿನ್‌ನ ಟೆಂಪಲ್‌ಹೋಫ್ ಮೈದಾನದ ಫೋಟೋ ನೋಡಿದೆ. ವಿಮಾನ ಇಳಿಯುತ್ತಿದ್ದ ರನ್‌ವೇ ಮೇಲೆ ಈಗ ಜನ ಸೈಕಲ್ ಹೊಡೀತಾರೆ ಅಂತ ಬರೆದಿದ್ದೆ. ಅದರ ಕೆಳಗೆ ಒಂದು ಪ್ರಶ್ನೆ ಕೇಳಿದ್ದೆ. "ಅಮೆರಿಕ, ರಷ್ಯಾ ಸೇರಿಕೊಂಡು ತಾನೇ ಹಿಟ್ಲರನನ್ನು ಸೋಲಿಸಿದ್ದು? ಮೂರೇ ವರ್ಷಕ್ಕೆ ಇದೇ ಊರಲ್ಲಿ ಒಬ್ಬರಿಗೊಬ್ಬರು ದಾರಿ ಕಟ್ಟುವ ಮಟ್ಟಕ್ಕೆ ಯಾಕೆ ಬಂದ್ರು?" ವಾಟ್ಸಾಪ್‌ನಲ್ಲಿ ಉತ್ತರ ಹೊಡೆಯೋಕೆ ಕೂತೆ, ಮುಗಿಯಲೇ ಇಲ್ಲ. ಅದಕ್ಕೇ ಈ ಪತ್ರ.

ನಮ್ಮ ಕಾಲದ ಪಠ್ಯಪುಸ್ತಕದಲ್ಲಿ ಇದಕ್ಕೆ ಸಿದ್ಧ ಉತ್ತರ ಇತ್ತು. ಒಬ್ಬರದು ಬಂಡವಾಳಶಾಹಿ, ಇನ್ನೊಬ್ಬರದು ಕಮ್ಯುನಿಸಂ, ಆದ್ದರಿಂದ ಶೀತಲ ಸಮರ. ಬರೆದರೆ ಅಂಕ ಸಿಗುತ್ತಿತ್ತು. ನನಗೆ ಮಾತ್ರ ಅದು ಯಾವತ್ತೂ ಸಾಲಲಿಲ್ಲ. ಸಿದ್ಧಾಂತ ಬೇರೆ ಅನ್ನೋದು 1941ರಲ್ಲೂ ಗೊತ್ತಿತ್ತಲ್ವಾ? ಆಗ ಹೇಗೆ ಜೊತೆಯಾದರು?

ಜೊತೆಯಾಗಿದ್ದು ಹಿಟ್ಲರನ ದೆಸೆಯಿಂದ. ಅವನು ಸೋಲುವುದು ಖಾತ್ರಿಯಾಗುತ್ತಿದ್ದ ಹಾಗೇ ಹಂಚಿಕೆಯ ಮಾತು ಶುರುವಾಯಿತು. 1944ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಮಾಸ್ಕೋಗೆ ಹೋದ. ರಾತ್ರಿ ಮಾತುಕತೆಯಲ್ಲಿ ಅರ್ಧ ಹಾಳೆಯ ಮೇಲೆ ಲೆಕ್ಕ ಗೀಚಿದ. ರೊಮೇನಿಯಾದಲ್ಲಿ ರಷ್ಯಾಕ್ಕೆ ನೂರಕ್ಕೆ 90 ಪಾಲು, ಗ್ರೀಸ್‌ನಲ್ಲಿ ಬ್ರಿಟನ್ನಿಗೆ 90, ಯುಗೊಸ್ಲಾವಿಯಾ, ಹಂಗೇರಿಯಲ್ಲಿ ಅರ್ಧರ್ಧ. ಸೋವಿಯತ್ ನಾಯಕ ಸ್ಟಾಲಿನ್ ನೀಲಿ ಪೆನ್ಸಿಲ್‌ನಿಂದ ಒಂದು ಸರಿ ಗುರುತು ಹಾಕಿ ಹಾಳೆಯನ್ನು ವಾಪಸ್ ತಳ್ಳಿದ. ಇದನ್ನು ಸುಟ್ಟುಬಿಡೋಣವಾ ಅಂತ ಚರ್ಚಿಲ್ ಕೇಳಿದನಂತೆ. ಬೇಡ, ನೀವೇ ಇಟ್ಟುಕೊಳ್ಳಿ ಅಂದನಂತೆ ಸ್ಟಾಲಿನ್. ಇದು ಚರ್ಚಿಲ್ಲೇ ಆಮೇಲೆ ಹೇಳಿಕೊಂಡ ಕಥೆ. ಅಷ್ಟು ದೇಶಗಳ ಜನರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಅಲ್ಲಿ ಸಿದ್ಧಾಂತ ಎಲ್ಲಿತ್ತು ಹೇಳು.

ಆದರೂ ಸ್ಟಾಲಿನ್‌ನ ಭಯ ಸುಳ್ಳಲ್ಲ. ಆ ಯುದ್ಧದಲ್ಲಿ ಸೋವಿಯತ್ ಒಕ್ಕೂಟದ ಸುಮಾರು 2 ಕೋಟಿ 70 ಲಕ್ಷ ಜನ ಸತ್ತರು. ಮೂವತ್ತು ವರ್ಷದೊಳಗೆ ಎರಡು ಸಲ ಜರ್ಮನ್ ಸೈನ್ಯ ಪೋಲೆಂಡ್ ದಾಟಿ ಒಳಗೆ ಬಂದಿತ್ತು. ಇನ್ನು ಮುಂದೆ ಪಕ್ಕದ ದೇಶಗಳು ನಮ್ಮ ಮಾತು ಕೇಳುವಂತಿರಬೇಕು ಅಂತ ಅವನು ಹಟ ಹಿಡಿದ. ಚುನಾವಣೆ ಮಾಡಿಸುತ್ತೇನೆ ಅಂತ 1945ರ ಫೆಬ್ರವರಿಯಲ್ಲಿ ಮೂರೂ ದೇಶದ ನಾಯಕರು ಸೇರಿದ ಯಾಲ್ಟಾ ಸಭೆಯಲ್ಲಿ ಮಾತು ಕೊಟ್ಟ. ಪೋಲೆಂಡಿನಲ್ಲಿ ಅದು ನಡೆದದ್ದು 1947ರ ಜನವರಿಯಲ್ಲಿ, ಬರೀ ಮೋಸದ ಚುನಾವಣೆ. ಅಮೆರಿಕದವರು ನೋಡಿದ್ದು ಇದನ್ನು. ಹಿಟ್ಲರನಿಗೆ ಮೊದಲೇ ತಡೆ ಹಾಕದೆ ಕೆಟ್ಟೆವು, ಈ ಸಲ ಹಾಗಾಗಬಾರದು ಅಂತ ಅವರ ಲೆಕ್ಕ. ಒಬ್ಬ ತನ್ನ ರಕ್ಷಣೆಗೆ ಅಂತ ಮಾಡಿದ್ದೆಲ್ಲ ಇನ್ನೊಬ್ಬನಿಗೆ ದಾಳಿಯ ತಯಾರಿಯಾಗಿ ಕಂಡಿತು. ಮುಂದಿನದನ್ನೆಲ್ಲ ನಾನು ಓದಿಕೊಳ್ಳುವುದು ಹೀಗೆ.

ನಿನ್ನ ಪಕ್ಕದ ಪಾಟ್ಸ್‌ಡಾಮ್‌ನಲ್ಲೇ 1945ರ ಜುಲೈನಲ್ಲಿ ಅಮೆರಿಕ, ಬ್ರಿಟನ್, ಸೋವಿಯತ್‌ನ ಮೂವರು ನಾಯಕರು ಕೊನೆಯ ಸಲ ಕೂತರು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಏಪ್ರಿಲ್‌ನಲ್ಲೇ ತೀರಿಕೊಂಡಿದ್ದ, ಅವನ ಜಾಗಕ್ಕೆ ಟ್ರೂಮನ್ ಬಂದಿದ್ದ. ಜುಲೈ 24ರ ಸಂಜೆ ಸಭೆ ಮುಗಿದ ಮೇಲೆ ಟ್ರೂಮನ್ ಸ್ಟಾಲಿನ್ ಹತ್ತಿರ ಹೋಗಿ, ನಮ್ಮ ಹತ್ತಿರ ಭಾರಿ ಶಕ್ತಿಯ ಹೊಸ ಅಸ್ತ್ರ ಇದೆ ಅಂತ ಸುಮ್ನೆ ಮಾತಿನ ಮಧ್ಯೆ ಹೇಳಿದ ಹಾಗೆ ಹೇಳಿದ. ಬಾಂಬು ಅನ್ನಲಿಲ್ಲ, ಅಣು ಅನ್ನಲಿಲ್ಲ. ಸ್ಟಾಲಿನ್ ಮುಖದಲ್ಲಿ ಏನೂ ಕಾಣಲಿಲ್ಲ. ಯಾಕೆ ಗೊತ್ತಾ? ಅವನ ಗೂಢಚಾರರು ಮೊದಲೇ ಎಲ್ಲ ತಿಳಿಸಿದ್ದರು.

1946ರ ಫೆಬ್ರವರಿಯಲ್ಲಿ ಮಾಸ್ಕೋದಲ್ಲಿದ್ದ ಅಮೆರಿಕದ ಅಧಿಕಾರಿ ಜಾರ್ಜ್ ಕೆನನ್ ತನ್ನ ಸರ್ಕಾರಕ್ಕೆ ಒಂದು ಉದ್ದನೆಯ ತಂತಿ ಕಳಿಸಿದ. ಇವರ ಜೊತೆ ರಾಜಿ ಅಸಾಧ್ಯ, ಗಟ್ಟಿಯಾಗಿ ಎದುರು ನಿಂತರೆ ಮಾತ್ರ ಹಿಂದೆ ಸರೀತಾರೆ ಅನ್ನೋದು ಸಾರಾಂಶ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿದ್ದ ಸೋವಿಯತ್ ರಾಯಭಾರಿ ನೊವಿಕೋವ್ ಮಾಸ್ಕೋಗೆ ಬರೆದ: ಅಮೆರಿಕಕ್ಕೆ ಇಡೀ ಜಗತ್ತಿನ ಮೇಲೆ ಯಜಮಾನಿಕೆ ಬೇಕಾಗಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು, ಚೆನ್ನಾಗಿರುತ್ತೆ. ಮಾರ್ಚ್‌ನಲ್ಲಿ ಚರ್ಚಿಲ್ ಅಮೆರಿಕದ ಫುಲ್ಟನ್ ಅನ್ನೋ ಸಣ್ಣ ಊರಲ್ಲಿ ಯುರೋಪಿಗೆ ಅಡ್ಡಲಾಗಿ ಕಬ್ಬಿಣದ ಪರದೆ ಬಿದ್ದಿದೆ ಅಂತ ಭಾಷಣ ಮಾಡಿದ. ಆ ಪರದೆಯ ಅಳತೆ ತೆಗೆದವರಲ್ಲಿ ತಾನೂ ಒಬ್ಬ ಅನ್ನೋದನ್ನು ಮಾತ್ರ ಹೇಳಲಿಲ್ಲ.

1947ರಲ್ಲಿ ಗ್ರೀಸ್‌ನ ಅಂತರ್ಯುದ್ಧದ ಖರ್ಚು ನಮ್ಮ ಕೈಲಾಗಲ್ಲ ಅಂತ ಬ್ರಿಟನ್ ಕೈಚೆಲ್ಲಿತು. ಟ್ರೂಮನ್ ಗ್ರೀಸ್‌ಗೂ ಟರ್ಕಿಗೂ ಸೇರಿ 40 ಕೋಟಿ ಡಾಲರ್ ಕೇಳಿದ. ಗ್ರೀಸ್‌ನಲ್ಲಿ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಕಮ್ಯುನಿಸ್ಟರಿಗೆ ಬೆಂಬಲ ಹೆಚ್ಚಾಗಿ ಬರುತ್ತಿದ್ದದ್ದು ಯುಗೊಸ್ಲಾವಿಯಾದಿಂದ. ಸ್ಟಾಲಿನ್ ಆ ಅರ್ಧ ಹಾಳೆಯ ಮಾತಿಗೆ ಹೆಚ್ಚುಕಮ್ಮಿ ನಿಂತಿದ್ದ. ವಾಷಿಂಗ್ಟನ್‌ಗೆ ಮಾತ್ರ ಎಲ್ಲದರ ಹಿಂದೆ ಮಾಸ್ಕೋವೇ ಕಂಡಿತು. ಜೂನ್‌ನಲ್ಲಿ ಮಾರ್ಷಲ್ ಯೋಜನೆ ಬಂತು. ಯುರೋಪನ್ನು ಮತ್ತೆ ಕಟ್ಟೋಕೆ ನಾಲ್ಕು ವರ್ಷದಲ್ಲಿ ಸುಮಾರು 1,300 ಕೋಟಿ ಡಾಲರ್. ಚೆಕೊಸ್ಲೊವಾಕಿಯಾ ಮೊದಲು ಒಪ್ಪಿಕೊಂಡಿತ್ತು. ಸ್ಟಾಲಿನ್ ಕರೆಸಿ ಗದರಿದ ಮೇಲೆ ಬೇಡ ಅಂದಿತು. 1948ರ ಫೆಬ್ರವರಿಯಲ್ಲಿ ಅಲ್ಲಿ ಕಮ್ಯುನಿಸ್ಟರು ಪೂರ್ತಿ ಅಧಿಕಾರ ಹಿಡಿದರು.

ಇನ್ನು ನಿನ್ನ ಊರಿನ ವಿಷಯ. ಇಷ್ಟು ವರ್ಷ ಬ್ಯಾಂಕಿನಲ್ಲಿ ನೋಟು ಎಣಿಸಿದವಳಿಗೆ ಇದು ಹೆಚ್ಚು ಅರ್ಥವಾಗುತ್ತೆ, ಸ್ವಲ್ಪ ಉದ್ದ ಹೇಳ್ತೀನಿ, ಬೈಕೋಬೇಡ.

ಸೋತ ಜರ್ಮನಿಯನ್ನು ನಾಲ್ಕು ಪಾಲು ಮಾಡಿದ್ದರು. ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್. ಬರ್ಲಿನ್ ಇದ್ದದ್ದು ಸೋವಿಯತ್ ಪಾಲಿನ ಒಳಗೆ, ಆದರೂ ರಾಜಧಾನಿ ಅಂತ ಆ ಊರನ್ನೂ ನಾಲ್ಕಾಗಿ ಹಂಚಿದರು. ಹಣ ಮಾತ್ರ ಎಲ್ಲರಿಗೂ ಒಂದೇ. ಯುದ್ಧ ಮುಗಿಯುವ ಮೊದಲೇ ಸೇನಾ ಮಾರ್ಕ್ ಅಂತ ನೋಟು ಮುದ್ರಿಸಿದ್ದರು. ಅದರ ಅಚ್ಚನ್ನು 1944ರಲ್ಲಿ ಅಮೆರಿಕದವರೇ ಸೋವಿಯತ್ತಿಗೂ ಕೊಟ್ಟಿದ್ದರು. ಅಚ್ಚು ಕೈಗೆ ಸಿಕ್ಕರೆ ಏನಾಗುತ್ತೆ? ಸೋವಿಯತ್ತಿನವರು ಬೇಕಾದಷ್ಟು ಮುದ್ರಿಸಿ ತಮ್ಮ ಸೈನಿಕರಿಗೆ ಸಂಬಳ ಕೊಟ್ಟರು. ಹಳೆಯ ರೈಖ್ಸ್‌ಮಾರ್ಕ್ ಕೂಡ ಲೆಕ್ಕವಿಲ್ಲದಷ್ಟು ಓಡಾಡುತ್ತಿತ್ತು. ಅಂಗಡಿಯಲ್ಲಿ ಸಾಮಾನಿಲ್ಲ, ಕಾಳಸಂತೆಯಲ್ಲಿ ಅಮೆರಿಕದ ಸಿಗರೇಟೇ ದುಡ್ಡು.

ಹೊಸ ನೋಟು ತರಬೇಕು ಅಂತ ಎಲ್ಲರೂ ಒಪ್ಪಿದರು. ಅಚ್ಚು ಯಾರ ಕೈಯಲ್ಲಿರಬೇಕು ಅನ್ನೋದರಲ್ಲೇ ಜಗಳ. ಈ ಸಲ ಸೋವಿಯತ್ತಿಗೆ ಕೊಡಲ್ಲ ಅಂತ ಅಮೆರಿಕ ಗುಟ್ಟಾಗಿ ತನ್ನ ದೇಶದಲ್ಲೇ ಮುದ್ರಿಸಿ ಹಡಗಿನಲ್ಲಿ ತರಿಸಿತು. ಸುಮಾರು 23 ಸಾವಿರ ಪೆಟ್ಟಿಗೆ, ಮೇಲೆ ಬಾಗಿಲ ಹಿಡಿಕೆ ಅಂತ ಚೀಟಿ. 1948ರ ಜೂನ್ 18, ಶುಕ್ರವಾರ, ವಿಷಯ ಹೊರಬಿತ್ತು. ಭಾನುವಾರ ಪಶ್ಚಿಮದ ಮೂರು ವಲಯಗಳಲ್ಲಿ ಡಾಯಿಚ್ ಮಾರ್ಕ್ ಅನ್ನೋ ಹೊಸ ಹಣವನ್ನು ತಲೆಗೆ 40ರಂತೆ ಹಂಚಿದರು. ಸೋಮವಾರ ಅಂಗಡಿ ಕಿಟಕಿಗಳಲ್ಲಿ ಸಾಮಾನು ತುಂಬಿತ್ತು. ಅಲ್ಲಿಯವರೆಗೆ ವ್ಯಾಪಾರಿಗಳು ಒಳಗೆ ಬಚ್ಚಿಟ್ಟಿದ್ದರು ಅಂತಾಯ್ತು. ಬ್ಯಾಂಕಿನಲ್ಲಿ ಉಳಿಸಿಟ್ಟವರದು ಮಾತ್ರ ಹೋಯಿತು, ಕೊನೆಗೆ ನೂರು ಹಳೆ ಮಾರ್ಕಿಗೆ ಆರೂವರೆ ಹೊಸ ಮಾರ್ಕ್ ಸಿಕ್ಕಿತು.

2016ರ ನವೆಂಬರ್‌ನಲ್ಲಿ ನಮ್ಮ ಕೌಂಟರ್ ಮುಂದಿನ ಸಾಲು ನೀನೂ ನೋಡಿದ್ದೀಯಲ್ಲ. ಪಕ್ಕದ ರಾಜ್ಯದಲ್ಲಿ ನೋಟು ಬದಲಾಗಿ ನಮ್ಮಲ್ಲಿ ಮಾತ್ರ ಹಳೇದೇ ನಡೆಯುತ್ತೆ ಅಂದಿದ್ದರೆ? ಅಲ್ಲಿನ ಬೆಲೆಯಿಲ್ಲದ ಕಂತೆಯೆಲ್ಲ ರಾತ್ರೋರಾತ್ರಿ ಇಲ್ಲಿಗೆ ಬಂದು ಬೀಳುತ್ತಿತ್ತು. ಸೋವಿಯತ್ ವಲಯಕ್ಕೆ ಎದುರಾದದ್ದು ಇದೇ ತಾಪತ್ರಯ. ಹೊಸ ನೋಟು ಮುದ್ರಿಸೋಕೆ ಅವರಿಗೆ ಪುರಸೊತ್ತು ಸಿಗಲಿಲ್ಲ. ಹಳೆಯ ನೋಟಿನ ಮೇಲೆ ಅಂಚೆಚೀಟಿಯಂಥ ಸಣ್ಣ ಚೀಟಿ ಅಂಟಿಸಿ, ಇದೇ ಹೊಸ ಹಣ, ಇಡೀ ಬರ್ಲಿನ್‌ಗೂ ಇದೇ ಅಂದರು. ಗೋಡೆಗೆ ಅಂಟಿಸೋ ಕಾಗದದ ಹೆಸರಲ್ಲಿ ಜನ ಅದಕ್ಕೆ ವಾಲ್‌ಪೇಪರ್ ಮಾರ್ಕ್ ಅಂತ ಅಡ್ಡಹೆಸರಿಟ್ಟರು. ಪಶ್ಚಿಮದವರು ತಮ್ಮ ಮಾರ್ಕಿನ ಮೇಲೆ ಬಿ ಅಕ್ಷರದ ಮುದ್ರೆ ಒತ್ತಿ ಪಶ್ಚಿಮ ಬರ್ಲಿನ್‌ನಲ್ಲಿ ಚಲಾವಣೆಗೆ ಬಿಟ್ಟರು. ಒಂದೇ ಊರಲ್ಲಿ ಎರಡು ಸರ್ಕಾರ ಬರುವ ಮೊದಲೇ ಎರಡು ನೋಟು ಬಂದವು.

ಜೂನ್ 24ಕ್ಕೆ ಸೋವಿಯತ್ತಿನವರು ರಸ್ತೆ, ರೈಲು, ಕಾಲುವೆ ಮೂರನ್ನೂ ಮುಚ್ಚಿದರು. ಪಶ್ಚಿಮ ಬರ್ಲಿನ್‌ನಲ್ಲಿ 20 ಲಕ್ಷಕ್ಕೂ ಜಾಸ್ತಿ ಜನ. ಸುಮಾರು 36 ದಿನಕ್ಕಾಗುವಷ್ಟು ಆಹಾರ, 45 ದಿನಕ್ಕಾಗುವಷ್ಟು ಕಲ್ಲಿದ್ದಲು. ತಮಾಷೆ ನೋಡು, ರಸ್ತೆಯಲ್ಲಿ ಓಡಾಡುವ ಹಕ್ಕನ್ನು ಯಾರೂ ಕಾಗದದ ಮೇಲೆ ಬರೆಸಿಕೊಂಡಿರಲಿಲ್ಲ. ಗೆದ್ದ ಹೊಸದರಲ್ಲಿ ಬಾಯಿಮಾತೇ ಸಾಕು ಅನ್ನಿಸಿತ್ತು. ಆಕಾಶದ್ದು ಮಾತ್ರ 1945ರ ನವೆಂಬರ್‌ನಲ್ಲೇ ಬರವಣಿಗೆಯಲ್ಲಿ ಇತ್ತು: 32 ಕಿಲೋಮೀಟರ್ ಅಗಲದ ಮೂರು ದಾರಿ. ವಿಮಾನಗಳು ಡಿಕ್ಕಿ ಹೊಡೀಬಾರದು ಅಂತ ಮಾಡಿಕೊಂಡ ಒಪ್ಪಂದ ಅದು. ಅದೇ ಊರನ್ನು ಉಳಿಸಿತು, ಪಶ್ಚಿಮದವರು ಊರಿಗೆ ಬೇಕಾದ ಸಾಮಾನನ್ನೆಲ್ಲ ವಿಮಾನದಲ್ಲೇ ತರತೊಡಗಿದರು. ಆ ವಿಮಾನಕ್ಕೆ ಗುಂಡು ಹೊಡೆದರೆ ಯುದ್ಧ ಅಂತ ಸ್ಟಾಲಿನ್‌ಗೂ ಗೊತ್ತು, ಶಸ್ತ್ರ ಹಿಡಿದು ರಸ್ತೆ ಬಿಡಿಸೋಕೆ ಹೋದರೂ ಯುದ್ಧವೇ ಅಂತ ಟ್ರೂಮನ್‌ಗೂ ಗೊತ್ತು.

ಅಕ್ಕಿ, ಹಿಟ್ಟು ಸಾಗಿಸಿದರು ಅಂದುಕೊಳ್ತೀವಿ ಅಲ್ವಾ? ಮೂರರಲ್ಲಿ ಎರಡು ಪಾಲು ಕಲ್ಲಿದ್ದಲು! ಆಲೂಗಡ್ಡೆಯನ್ನು ಒಣಗಿಸಿ ತರುತ್ತಿದ್ದರು, ಹಸಿಯದಾದರೆ ನೀರಿನದೇ ಭಾರ. ಕರೆಂಟು ದಿನಕ್ಕೆ ಕೆಲವೇ ಗಂಟೆ. ನಡುರಾತ್ರಿ ಬಂದರೆ ಹೆಂಗಸರು ಎದ್ದು ಅಡುಗೆ ಮಾಡಬೇಕಿತ್ತು. ನಿನ್ನ ಟೆಂಪಲ್‌ಹೋಫ್ ಸಾಲದೆ ಟೇಗೆಲ್‌ನಲ್ಲಿ ಮೂರು ತಿಂಗಳಲ್ಲಿ ಇನ್ನೊಂದು ವಿಮಾನ ನಿಲ್ದಾಣ ಕಟ್ಟಿದರು. 1949ರ ಈಸ್ಟರ್ ಹೊತ್ತಿಗೆ ಒಂದೇ ದಿನದಲ್ಲಿ 1,398 ವಿಮಾನ ಬಂದವು, ಹೆಚ್ಚುಕಮ್ಮಿ ನಿಮಿಷಕ್ಕೊಂದು. ಗೇಲ್ ಹಾಲ್ವರ್ಸನ್ ಅನ್ನೋ ಅಮೆರಿಕದ ಪೈಲಟ್ ಟೆಂಪಲ್‌ಹೋಫ್ ಬೇಲಿಯಾಚೆ ನಿಂತ ಮಕ್ಕಳಿಗೆ ಜೇಬಿನಲ್ಲಿದ್ದ ಎರಡು ಚೂಯಿಂಗ್ ಗಮ್ ಕೊಟ್ಟ. ಮಕ್ಕಳು ಕಿತ್ತಾಡಲಿಲ್ಲ. ಚೂರು ಮಾಡಿ ಹಂಚಿಕೊಂಡರು, ಸಿಗದವರು ಸುತ್ತಿದ ಕಾಗದ ಮೂಸಿ ನೋಡಿದರು. ಮಾರನೇ ಸಲದಿಂದ ಅವನು ಕರ್ಚೀಫಿಗೆ ಚಾಕೊಲೇಟ್ ಕಟ್ಟಿ ಮೇಲಿಂದ ಬಿಡತೊಡಗಿದ. ಇದನ್ನು ಅಮೆರಿಕ ಪ್ರಚಾರಕ್ಕೆ ಚೆನ್ನಾಗೇ ಬಳಸಿಕೊಂಡಿತು, ಅದು ಬೇರೆ ಮಾತು. ಮೂರು ವರ್ಷದ ಹಿಂದೆ ಅದೇ ಊರಿನ ಮೇಲೆ ಅದೇ ದೇಶದ ವಿಮಾನಗಳು ಬಾಂಬು ಹಾಕಿದ್ದವು. ಪಶ್ಚಿಮ ಜರ್ಮನರ ಮನಸ್ಸು ತಿರುಗಿದ್ದು ಆ ಚಳಿಗಾಲದಲ್ಲಿ ಅಂತ ನನಗನಿಸುತ್ತೆ.

1949ರ ಮೇ 12ಕ್ಕೆ ದಿಗ್ಬಂಧನ ತೆರೆಯಿತು. ಸ್ಟಾಲಿನ್‌ಗೆ ಬೇಕಾಗಿದ್ದದ್ದು ಪ್ರತ್ಯೇಕ ಪಶ್ಚಿಮ ಜರ್ಮನಿ ಆಗದಿರುವುದು. ಅವನ ದಿಗ್ಬಂಧನವೇ ಅದನ್ನು ಬೇಗ ಮಾಡಿಸಿತು. ಏಪ್ರಿಲ್‌ನಲ್ಲಿ ಪಶ್ಚಿಮದ 12 ದೇಶಗಳ ಸೇನಾ ಕೂಟ ನೇಟೋ, ಮೇ ತಿಂಗಳಲ್ಲಿ ಪಶ್ಚಿಮ ಜರ್ಮನಿ, ಅಕ್ಟೋಬರ್‌ನಲ್ಲಿ ಪೂರ್ವ ಜರ್ಮನಿ. ಆಗಸ್ಟ್ 29ಕ್ಕೆ ಸೋವಿಯತ್ತಿನ ಮೊದಲ ಅಣುಬಾಂಬು ಸಿಡಿದಿತ್ತು. ನೀನು ತುಂಡು ನೋಡಿ ಬಂದ ಬರ್ಲಿನ್ ಗೋಡೆ ಎದ್ದದ್ದು ಇದೆಲ್ಲ ಆಗಿ ಹನ್ನೆರಡು ವರ್ಷದ ಮೇಲೆ, 1961ರ ಆಗಸ್ಟ್‌ನಲ್ಲಿ.

1950ರಲ್ಲಿ ಕೊರಿಯಾದಲ್ಲಿ ನಿಜವಾದ ಯುದ್ಧವೇ ಆಯಿತು. ಅದರ ಕೊನೆಯಲ್ಲಿ ನಮ್ಮವರೊಬ್ಬರು ಬರುತ್ತಾರೆ, ಮಡಿಕೇರಿಯ ಜನರಲ್ ತಿಮ್ಮಯ್ಯ. 1953ರಲ್ಲಿ ಕದನ ನಿಂತಾಗ 22 ಸಾವಿರಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು ನಾವು ಊರಿಗೆ ಹೋಗಲ್ಲ ಅಂದರು. ಆಚೆ ಕಡೆ ಸಿಕ್ಕಿಬಿದ್ದಿದ್ದ 21 ಅಮೆರಿಕನ್ನರು, ಒಬ್ಬ ಬ್ರಿಟಿಷ್ ಸೈನಿಕ ಕೂಡ ಹಾಗೇ ಅಂದರು. ಇವರೆಲ್ಲರ ಮನಸ್ಸು ವಿಚಾರಿಸುವ ತಟಸ್ಥ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಭಾರತದ ಸೈನಿಕರು ನನ್ನ ನೆಲಕ್ಕೆ ಕಾಲಿಡಬಾರದು ಅಂದುಬಿಟ್ಟ. ಅವರನ್ನು ಹಡಗಿನಿಂದ ಹೆಲಿಕಾಪ್ಟರ್‌ನಲ್ಲಿ ಎತ್ತಿ ಗಡಿಯ ನಡುವಿನ ಪಟ್ಟಿಗೆ ಇಳಿಸಬೇಕಾಯಿತು. ಎರಡೂ ಬಣದವರು ತಿಮ್ಮಯ್ಯನವರ ಮೇಲೆ ಗೊಣಗಿದರು. ಎರಡೂ ಬಣಗಳ ಕಡೆ ಹೋಗಲ್ಲ ಅಂದ 88 ಜನರನ್ನು ಅವರ ಪಡೆ ಭಾರತಕ್ಕೇ ಕರೆದುಕೊಂಡು ಬಂತು.

ನಾವು ಅಲಿಪ್ತರು ಅಂತ ಹೇಳಿಕೊಂಡು ಇಬ್ಬರಿಂದಲೂ ತೆಗೆದುಕೊಂಡವರು. ನಮ್ಮ ಶಾಲೆಯ ಮಧ್ಯಾಹ್ನದ ಉಪ್ಪಿಟ್ಟು ಅಮೆರಿಕದ ಗೋಧಿಯದು, ರುಚಿ ಈಗಲೂ ನಾಲಿಗೆ ಮೇಲಿದೆ. 1975ರಲ್ಲಿ ಪೀಣ್ಯದ ಶೆಡ್‌ಗಳಲ್ಲಿ ಯು.ಆರ್. ರಾವ್ ತಂಡ ಕಟ್ಟಿದ ಆರ್ಯಭಟ ಉಪಗ್ರಹ ಸೋವಿಯತ್ ರಾಕೆಟ್ ಮೇಲೆ ಏರಿತು. ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕದ ಉಪಗ್ರಹದ ಮೂಲಕ ನಮ್ಮ ರಾಜ್ಯದ ಹಳ್ಳಿಗಳಿಗೂ ಟಿವಿ ಬಂತು. ಹಳೆ ಎರಡು ರೂಪಾಯಿ ನೋಟಿನ ಹಿಂದೆ ಆರ್ಯಭಟನ ಚಿತ್ರ ಇತ್ತು, ಎಷ್ಟು ಕಂತೆ ಎಣಿಸಿದ್ದೇನೋ.

ಅಂದಹಾಗೆ, ನಿನ್ನ ರೂಮ್‌ಮೇಟ್‌ನ ಅಜ್ಜಿ ಪೂರ್ವ ಬರ್ಲಿನ್‌ನಲ್ಲಿ ಹುಟ್ಟಿ ಬೆಳೆದವರು ಅಂದಿದ್ದೆಯಲ್ಲ. ಮುಂದಿನ ಸಲ ಅವರ ಮನೆಗೆ ಹೋದಾಗ ನೋಟು ಬದಲಾದ ಆ ವಾರದ ಬಗ್ಗೆ ಕೇಳು. ಆಗ ಸಣ್ಣ ಹುಡುಗಿ, ಆದರೂ ಮನೆಯಲ್ಲಿ ಮಾತಾಡಿದ್ದು ಕಿವಿಗೆ ಬಿದ್ದಿರುತ್ತೆ. ಪಶ್ಚಿಮಕ್ಕೆ ಕೆಲಸಕ್ಕೆ ಹೋಗುತ್ತಿದ್ದವರು ಯಾರಾದರೂ ಇದ್ದರಾ, ಸಂಬಳ ಯಾವ ಮಾರ್ಕಿನಲ್ಲಿ ಬರುತ್ತಿತ್ತು, ತರಕಾರಿಯವನು ಯಾವುದನ್ನು ತಗೊಳ್ತಿದ್ದ? ಚೀಟಿ ಅಂಟಿಸಿದ ನೋಟು ಮನೆಯಲ್ಲಿ ಎಲ್ಲಾದರೂ ಉಳಿದಿದ್ದರೆ ಎರಡೂ ಬದಿಯ ಫೋಟೋ ತೆಗೆದು ಕಳಿಸು. ಅಂಟು ಎಲ್ಲಿ ಹಾಕಿದ್ದಾರೆ ಅಂತ ನೋಡಬೇಕು ನನಗೆ.

ಇಂತಿ,
ಅಮ್ಮ