ಗಾಜ್ ಬಟ್ಟೆ ಮಡಚುತ್ತಾ ಆಡಿದ ಮಾತು

ಶಿವಮೊಗ್ಗ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ನೀನು ವಾರ್ಡ್ ಇನ್‌ಚಾರ್ಜ್ ಆದ ಸುದ್ದಿ ನಿಮ್ಮಮ್ಮ ಹೇಳಿದಳು. ಹನ್ನೊಂದು ಜನ ಸಿಸ್ಟರ್‌ಗಳ ಜೊತೆ ತಿಂಗಳಿಗೊಮ್ಮೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಬೇಕಂತೆ, ಏನು ಮಾತಾಡೋದು ಅಂತ ತಲೆ ಕೆಡಿಸಿಕೊಂಡಿದ್ದೀಯಂತೆ. ಫೋನಿನಲ್ಲಿ ಹೇಳಿದರೆ ನೀನು ಬರೀ ‘ಹೂಂ ಹೂಂ’ ಅಂತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮಾಡಿದ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ. ಇನ್‌ಚಾರ್ಜ್ ಆದ ಹೊಸತು. ಒಂದು ಬೆಳಿಗ್ಗೆ ಕೇಸ್‌ಶೀಟ್ ನೋಡಿದರೆ ರಾತ್ರಿ ಎರಡು ಗಂಟೆಯ ಇಂಜೆಕ್ಷನ್ ಮುಂದೆ ಸಹಿ ಇಲ್ಲ. ಕೊಟ್ಟೇ ಇರಲಿಲ್ಲ. ಪುಣ್ಯಕ್ಕೆ ರೋಗಿಗೆ ಏನೂ ಆಗಲಿಲ್ಲ. ನೈಟ್ ಡ್ಯೂಟಿಯ ಹುಡುಗಿಯನ್ನು ಎಲ್ಲರ ಎದುರು, ಆಯಾಗಳೂ ನಿಂತಿದ್ದಾಗ, ಬಾಯಿಗೆ ಬಂದ ಹಾಗೆ ಬೈದೆ. ಅವಳು ತಲೆ ತಗ್ಗಿಸಿ ನಿಂತಿದ್ದಳು. ಒಂದು ತಿಂಗಳಲ್ಲೇ ಕೆಲಸ ಬಿಟ್ಟಳು. ಆಮೇಲೆ ಆಯಾ ಹೇಳಿದ್ದು: ಮನೆಯಲ್ಲಿ ಪುಟ್ಟ ಕೂಸು, ಹಗಲು ನಿದ್ದೆಯಿಲ್ಲ, ಅವತ್ತಿಗೆ ಸತತ ಏಳನೇ ನೈಟ್. ಆ ಡ್ಯೂಟಿ ಪಟ್ಟಿ ಬರೆದವಳು ನಾನೇ.

ಅವತ್ತಿನಿಂದ ಕೇಳುವುದನ್ನು ಕಲಿತೆ. ಜಾಗ ಮುಖ್ಯ ಕಣೇ. ನರ್ಸಿಂಗ್ ಸ್ಟೇಷನ್‌ನಲ್ಲಿ ಆಗುವುದಿಲ್ಲ, ‘ಸಿಸ್ಟರ್, ಗ್ಲೂಕೋಸ್ ಮುಗೀತು’ ಅಂತ ಯಾರಾದರೂ ಬರುತ್ತಲೇ ಇರುತ್ತಾರೆ. ಕ್ಯಾಂಟೀನಿನಲ್ಲಂತೂ ಬೇಡವೇ ಬೇಡ, ಅಲ್ಲಿ ಗೋಡೆಗಳಿಗೂ ಕಿವಿ. ನಿನ್ನ ಮೇಜಿನ ಎದುರು ಕೂರಿಸಿದರೆ ಅವಳಿಗೆ ಮೆಮೋ ಕೊಡುತ್ತೀಯ ಅನ್ನಿಸುತ್ತದೆ. ನಾನು ಮಧ್ಯಾಹ್ನದ ಹೊತ್ತು ಬಟ್ಟೆ ಕೋಣೆಗೆ ಕರೆಯುತ್ತಿದ್ದೆ. ಆಗೆಲ್ಲ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಕತ್ತರಿಸಿ, ಮಡಚಿ, ಡ್ರಮ್ಮಿಗೆ ತುಂಬಿ, ಬಿಸಿ ಆವಿಯಲ್ಲಿ ಕ್ರಿಮಿ ಸಾಯಿಸುವ ಆಟೋಕ್ಲೇವ್‌ಗೆ ಕಳಿಸುತ್ತಿದ್ದೆವು. ನಿಮಗೀಗ ಎಲ್ಲ ಪ್ಯಾಕೆಟ್‌ನಲ್ಲೇ ಬರುತ್ತದೆ ಬಿಡು. ಇಬ್ಬರೂ ಮಡಚುತ್ತಾ ಕೂತರೆ ಮುಖ ನೋಡುವ ಮುಜುಗರ ಇರುವುದಿಲ್ಲ. ಹತ್ತು ತುಂಡು ಮಡಚುವಷ್ಟರಲ್ಲಿ ತಾನಾಗಿ ಮಾತು ಬರುತ್ತಿತ್ತು.

‘ಹೇಗಿದ್ದೀಯ?’ ಅಂತ ಕೇಳಬೇಡ. ‘ಚೆನ್ನಾಗಿದ್ದೀನಿ ಸಿಸ್ಟರ್’ ಅಂತಾರೆ, ಮುಗೀತು. ‘ಮೊನ್ನೆ ಎಂಟನೇ ಬೆಡ್‌ನ ಅಜ್ಜ ತೀರಿಕೊಂಡಾಗ ನೀನೊಬ್ಬಳೇ ಇದ್ದೆಯಲ್ಲ, ಮನೆಗೆ ಹೋದಮೇಲೆ ನಿದ್ದೆ ಬಂತಾ?’ ಅಂತ ಕೇಳು. ಕೇಳಿ ಸುಮ್ನಿರು. ಆ ಸುಮ್ನಿರೋದೇ ಕಷ್ಟ. ‘ನಮ್ಮ ಕಾಲದಲ್ಲಿ’ ಅಂತ ಶುರು ಮಾಡಲು ನಾಲಿಗೆ ತುರಿಸುತ್ತದೆ. (ನಾನೀಗ ಮಾಡುತ್ತಿರುವುದು ಅದೇ ಅಲ್ವಾ? ನಗಬೇಡ.) ಅವಳು ಅತ್ತರೆ ‘ಅಳಬೇಡ’ ಅನ್ನಬೇಡ. ನೀರು ಕೊಡು, ಸಾಕು.

ಇನ್ನೊಂದು. ವಿಷಯ ಕೇಳುವ ಮೊದಲೇ ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡ. ಔಷಧ ಹೆಚ್ಚುಕಮ್ಮಿ ಆಗಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಯಾರಾದರೂ ಕೆಟ್ಟದಾಗಿ ನಡೆದುಕೊಂಡಿದ್ದರೆ, ಅದನ್ನು ನೀನೇ ಪಂಚಾಯ್ತಿ ಮಾಡಿ ಮುಗಿಸಲು ಹೋಗಬೇಡ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಅದಕ್ಕೆ ಆಂತರಿಕ ಸಮಿತಿ ಇರಬೇಕು. ದೂರನ್ನು ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು ಅಂತ ಅವಳಿಗೆ ತಿಳಿಸು. ಬರೆಯಲು ಜೊತೆಗೆ ಕೂರು. ಉಳಿದ ಮನೆ ಮಾತು, ಗಂಡನ ಮಾತು, ಸಾಲದ ಮಾತು ನಿನ್ನ ಹೊಟ್ಟೆಯಲ್ಲೇ ಇರಲಿ.

ಯಾರಾದರೂ ‘ಬದುಕೇ ಬೇಡ ಅನ್ನಿಸ್ತಿದೆ’ ಅಂದರೆ ತಮಾಷೆ ಅಂದುಕೊಳ್ಳಬೇಡ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿಯೇ ಕೇಳು. ಕೇಳಿದ್ದರಿಂದ ಯಾರಿಗೂ ಆ ಯೋಚನೆ ಹುಟ್ಟುವುದಿಲ್ಲ. ಅವಳನ್ನು ಒಂಟಿಯಾಗಿ ಮನೆಗೆ ಕಳಿಸಬೇಡ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಟೆಲಿ ಮಾನಸ್ ಅಂತ ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ 2022ರಲ್ಲಿ ಶುರುವಾಗಿದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರನ್ನು ಡ್ಯೂಟಿ ರೂಮಿನ ಬಾಗಿಲ ಹಿಂದೆ ಅಂಟಿಸು.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ಅದು ಮುಂದಿನ ತಿಂಗಳ ಡ್ಯೂಟಿ ಪಟ್ಟಿಯಲ್ಲಿ ಕಾಣಬೇಕು. ಕಾಣದಿದ್ದರೆ ಎರಡನೇ ಸಲ ಯಾರೂ ಬಾಯಿ ಬಿಡುವುದಿಲ್ಲ. ಎಲ್ಲ ಕೊಡಲು ನಿನ್ನ ಕೈಲಿ ಆಗುವುದಿಲ್ಲ, ಜನ ಕಡಿಮೆ ಇದ್ದಾರೆ, ಗೊತ್ತು. ಒಂದು ನೈಟ್ ಕಡಿಮೆ ಮಾಡಬಹುದು, ಮಗುವಿನ ಚುಚ್ಚುಮದ್ದಿನ ದಿನ ಆಫ್ ಹಾಕಬಹುದು. ಆಗದಿದ್ದರೆ ಆಗಲಿಲ್ಲ ಅಂತ ನೀನೇ ಹೋಗಿ ಹೇಳು, ಪಟ್ಟಿ ನೋಡಿ ಅವಳಿಗೆ ಗೊತ್ತಾಗುವುದು ಬೇಡ.

ಆಮೇಲೆ, ಹನ್ನೊಂದು ಜನರ ಮಾತು ಕೇಳಿದವಳಿಗೂ ಒಂದು ಕಿವಿ ಬೇಕು. ನಾಲ್ಕು ಗಂಟೆಯ ಮೇಲೆ ಫೋನ್ ಮಾಡು, ಅದಕ್ಕೆ ಮುಂಚೆ ನಾನು ಮಲಗಿರುತ್ತೇನೆ.

ಅಪ್ಪೆಮಿಡಿ ಉಪ್ಪಿನಕಾಯಿ ಎರಡು ಬಾಟಲಿ ಕಳಿಸಿದ್ದೇನೆ. ಒಂದು ನಿನಗೆ, ಒಂದು ಡ್ಯೂಟಿ ರೂಮಿಗೆ.

ಇಂತಿ,
ನಿನ್ನ ದೊಡ್ಡಮ್ಮ