ಎಲ್.ಎಲ್. ಜೊತೆಗೇ ವಿಮೆಯ ಷರತ್ತೂ ಕನ್ನಡದಲ್ಲಿ ಸಿಗಲಿ

ಮಾನ್ಯ ಸಂಪಾದಕರೇ,

ನಮ್ಮ ಕಡೆಯ ತೋಟದ ಮನೆಗಳಲ್ಲಿ ಎರಡನೆಯ ಕಾರು ಈಗ ಶೋಕಿಯ ವಸ್ತುವಾಗಿ ಉಳಿದಿಲ್ಲ. ಯಜಮಾನರು ಬೆಳಿಗ್ಗೆ ಜೀಪು ತೆಗೆದುಕೊಂಡು ತೋಟಕ್ಕೆ ಹೋದರೆಂದರೆ, ಆಸ್ಪತ್ರೆಗೋ ಬ್ಯಾಂಕಿಗೋ ಚಿಕ್ಕಮಗಳೂರಿಗೆ ಹೋಗಬೇಕಾದ ಉಳಿದವರು ಬಸ್ಸಿಗೆ ಕಾಯುತ್ತಾ ನಿಲ್ಲಬೇಕು. ಹಾಗಾಗಿ 52ನೇ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿಯಲು ಮನಸ್ಸು ಮಾಡಿದೆ. ಕಲಿಯಲೆಂದೇ ಒಂದು ಹಳೆಯ ಆಲ್ಟೊ ಕಾರನ್ನು ನನ್ನ ಹೆಸರಿನಲ್ಲಿ ಕೊಂಡೆವು.

ವಿಮೆಯ ವಿಚಾರಕ್ಕೆ ಬಂದಾಗ ಒಬ್ಬ ಏಜೆಂಟರು, ಎಲ್.ಎಲ್. (ಕಲಿಕಾ ಪರವಾನಗಿ) ಇರುವವರು ಓಡಿಸಿದರೆ ಇನ್ಶೂರೆನ್ಸ್ ನಡೆಯುವುದೇ ಇಲ್ಲ ಎಂದರು. ಇನ್ನೊಬ್ಬರು, ಪಾಲಿಸಿ ಚಾಲ್ತಿಯಲ್ಲಿದ್ದರೆ ಸಾಕು, ಯಾರು ಓಡಿಸಿದರೂ ಚಿಂತೆಯಿಲ್ಲ ಎಂದರು. ಎರಡೂ ತಪ್ಪು ಎಂಬುದು ನನಗೆ ಗೊತ್ತಾದದ್ದು ಕಾರು ಗುದ್ದಿದ ಮೇಲೆ.

ನಮ್ಮ ದೇಶದಲ್ಲಿ ವಿಮೆ ಇರುವುದು ವಾಹನಕ್ಕೆ. ಕಲಿಯುವವರ ಹೆಸರನ್ನು ಪಾಲಿಸಿಯಲ್ಲಿ ಬೇರೆಯಾಗಿ ಸೇರಿಸಬೇಕಾಗಿಲ್ಲ. ಥರ್ಡ್ ಪಾರ್ಟಿ ವಿಮೆಯ, ಎಂದರೆ ನಮ್ಮ ವಾಹನದಿಂದ ಬೇರೆಯವರಿಗಾಗುವ ಹಾನಿಯ ವಿಮೆಯ, ಪ್ರೀಮಿಯಂ ನಿಗದಿಯಾಗುವುದು ಎಂಜಿನ್ನಿನ ಸಿ.ಸಿ. ಮೇಲೆಯೇ ಹೊರತು ಸ್ಟೀರಿಂಗ್ ಹಿಡಿದವರ ಅನುಭವದ ಮೇಲಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ 1,000 ಸಿ.ಸಿ. ಮೀರದ ಖಾಸಗಿ ಕಾರಿಗೆ ಇದು ವರ್ಷಕ್ಕೆ ₹2,094. ಆದರೆ ಪಾಲಿಸಿಯ ಚಾಲಕರ ಷರತ್ತಿನಲ್ಲಿ ಒಂದು ಮಾತಿದೆ. ಚಾಲ್ತಿಯಲ್ಲಿರುವ ಕಲಿಕಾ ಪರವಾನಗಿ ಹೊಂದಿದವರೂ ಓಡಿಸಬಹುದು, ಆದರೆ ಅವರು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮವನ್ನು ಪಾಲಿಸುತ್ತಿರಬೇಕು ಎಂಬುದೇ ಆ ಮಾತು. ಆ ನಿಯಮದ ಪ್ರಕಾರ ವಾಹನದ ಹಿಂದೆ ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ಬಣ್ಣದ ‘ಎಲ್’ ಅಕ್ಷರ ಇರಬೇಕು. ಪೂರ್ಣ ಪರವಾನಗಿ ಇರುವವರೊಬ್ಬರು, ಬೇಕಾದಾಗ ವಾಹನವನ್ನು ನಿಯಂತ್ರಿಸುವ ಅಥವಾ ನಿಲ್ಲಿಸುವ ಹಾಗೆ, ಜೊತೆಯಲ್ಲಿ ಕುಳಿತಿರಬೇಕು. ಮನೆಯ ಕಾರಿನಲ್ಲಿ ಇದರ ಅರ್ಥ, ಹ್ಯಾಂಡ್‌ಬ್ರೇಕ್ ಕೈಗೆ ಸಿಗುವಂತೆ ಎಡಗಡೆಯ ಮುಂದಿನ ಸೀಟಿನಲ್ಲಿ ಕುಳಿತಿರಬೇಕು ಎಂದು. ಹಿಂದಿನ ಸೀಟಿನಲ್ಲಿ ಕುಳಿತು ‘ನಿಧಾನ, ನಿಧಾನ’ ಎನ್ನುತ್ತಿದ್ದರೆ ಸಾಲದು.

ನಾವು ‘ಎಲ್’ ಬೋರ್ಡು ಹಾಕಿದ್ದೆವು. ಯಜಮಾನರು ಪಕ್ಕದಲ್ಲೇ ಕೂರುತ್ತಿದ್ದರು. ಒಂದು ಸಂಜೆ ಆಲ್ದೂರಿನಿಂದ ಮನೆಗೆ ಮರಳಿದಾಗ ತೋಟದ ಉಣುಗೋಲು (ಅಡ್ಡಗಳಗಳ ಗೇಟು) ಹಾಕಿತ್ತು; ಅದನ್ನು ಸರಿಸಲು ಅವರು ಇಳಿದರು. ಎಂಜಿನ್ ಚಾಲೂ ಇತ್ತು, ಕಾರು ಫಸ್ಟ್ ಗೇರಿನಲ್ಲಿತ್ತು, ಕ್ಲಚ್ಚಿನ ಮೇಲಿದ್ದ ನನ್ನ ಕಾಲು ಜಾರಿತು. ಅವರು ಪಕ್ಕಕ್ಕೆ ನೆಗೆದು ಉಳಿದುಕೊಂಡರು. ಕಾರು ಉಣುಗೋಲಿನ ಕಲ್ಲುಕಂಬಕ್ಕೆ ಗುದ್ದಿ ಬಂಪರ್, ಒಂದು ಹೆಡ್‌ಲೈಟು, ರೇಡಿಯೇಟರ್ ಹಾಳಾದವು. ಗ್ಯಾರೇಜಿನ ಹುಡುಗ, ‘ಅಣ್ಣಾವ್ರೇ ಓಡಿಸ್ತಿದ್ರು ಅಂತ ಬರೆದುಬಿಡಿ ಅಕ್ಕ’ ಎಂದು ಸಲಹೆ ಕೊಟ್ಟ. ಹಾಗೆ ಬರೆಯಲು ಮನಸ್ಸಾಗಲಿಲ್ಲ, ನಡೆದದ್ದನ್ನೇ ಬರೆದೆ. ‘ಆ ಹೊತ್ತಿನಲ್ಲಿ ಪಕ್ಕದ ಸೀಟಿನಲ್ಲಿ ಯಾರಿದ್ದರು?’ ಎಂದು ಹಾನಿಯ ಅಂದಾಜಿಗೆ ಬಂದ ವಿಮಾ ಸರ್ವೇಯರ್ ಕೇಳಿದ್ದು ಒಂದೇ ಪ್ರಶ್ನೆ. ಕೆಲವು ವಾರಗಳ ನಂತರ ಕ್ಲೇಮ್ ತಿರಸ್ಕರಿಸಿದ ಪತ್ರ ಇಂಗ್ಲಿಷಿನಲ್ಲಿ ಬಂತು. ₹14,600ರ ಬಿಲ್ಲನ್ನು ನಾವೇ ಕಟ್ಟಿದೆವು.

ಕಂಪನಿಯ ಮೇಲೆ ನನಗೆ ಸಿಟ್ಟಿಲ್ಲ, ಷರತ್ತು ಇದ್ದದ್ದು ನಿಜ. ಕಂಬದ ಬದಲು ದಾರಿಹೋಕರೊಬ್ಬರಿಗೆ ಏಟಾಗಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. ಕಲಿಕಾ ಪರವಾನಗಿಯೂ ಕಾನೂನಿನ ಕಣ್ಣಿನಲ್ಲಿ ಪರವಾನಗಿಯೇ, ಆ ಕಾರಣ ಮುಂದೊಡ್ಡಿ ಮೂರನೆಯವರಿಗೆ ಪರಿಹಾರ ತಪ್ಪಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2004ರ ಸ್ವರಣ್ ಸಿಂಗ್ ಪ್ರಕರಣದಲ್ಲೇ ಹೇಳಿದೆ. ಷರತ್ತು ಮುರಿದಾಗ ನಿಜವಾಗಿ ಅಪಾಯಕ್ಕೆ ಸಿಲುಕುವುದು ನಮ್ಮ ಸ್ವಂತ ಕಾರಿನ ರಿಪೇರಿ ಹಣ. ಎಲ್.ಎಲ್.ಗೆ ಆರೇ ತಿಂಗಳ ಆಯುಸ್ಸು ಎಂಬುದೂ ಇಲ್ಲಿ ಮುಖ್ಯ. ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಅವಧಿ ಮುಗಿದದ್ದು ಮರೆತುಹೋದರೆ, ಪಕ್ಕದಲ್ಲಿ ಎಂಥ ನುರಿತ ಚಾಲಕರು ಕುಳಿತಿದ್ದರೂ ಪ್ರಯೋಜನವಿಲ್ಲ.

ಎರಡನೆಯ ಕಾರು ಕೊಳ್ಳುವವರು ಎಡವುವ ಇನ್ನೊಂದು ಜಾಗ ನೋ ಕ್ಲೇಮ್ ಬೋನಸ್, ಎಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಜೀಪಿನ ಮೇಲೆ ಯಜಮಾನರಿಗೆ ಶೇ 50ರಷ್ಟು ಬೋನಸ್ ಇದೆ, ಅದನ್ನೇ ಹೊಸದಾಗಿ ಬಂದ ಕಾರಿಗೂ ಹಾಕಿಸಬಹುದು ಎಂದು ನಮಗೂ ಹೇಳಿದವರಿದ್ದರು. ಬೋನಸ್ ಸೇರಿದ್ದು ವ್ಯಕ್ತಿಗೆ ನಿಜ, ಆದರೆ ಒಂದೇ ಬೋನಸ್ಸನ್ನು ಏಕಕಾಲದಲ್ಲಿ ಎರಡು ವಾಹನಗಳಿಗೆ ಬಳಸುವಂತಿಲ್ಲ. ಹಳೆಯ ಮಾಲೀಕರ ಬೋನಸ್ಸೂ ಕಾರಿನ ಜೊತೆ ಬರುವುದಿಲ್ಲ. ಅವರ ಪಾಲಿಸಿಯನ್ನು ನಮ್ಮ ಹೆಸರಿಗೆ ಮಾಡಿಸಿಕೊಳ್ಳಲು 14 ದಿನಗಳೊಳಗೆ ಅರ್ಜಿ ಕೊಡಬೇಕು, ಆರ್.ಸಿ. ಒಬ್ಬರ ಹೆಸರಿನಲ್ಲಿ, ಪಾಲಿಸಿ ಇನ್ನೊಬ್ಬರ ಹೆಸರಿನಲ್ಲಿ ಉಳಿದುಬಿಟ್ಟರೆ ಕ್ಲೇಮ್ ಸಮಯದಲ್ಲಿ ತಕರಾರು ಖಂಡಿತ. ಕಡಿಮೆ ಓಡುವ ವಾಹನಕ್ಕೆ ಓಡಿದಷ್ಟಕ್ಕೆ ಪ್ರೀಮಿಯಂ ಕಟ್ಟುವ ಸೌಲಭ್ಯಕ್ಕೆ ವಿಮಾ ಪ್ರಾಧಿಕಾರ 2022ರ ಜುಲೈನಲ್ಲೇ ಅವಕಾಶ ಕೊಟ್ಟಿದೆ. ನಮಗೆ ಆ ಮಾತನ್ನು ಯಾವ ಏಜೆಂಟರೂ ಎತ್ತಲಿಲ್ಲ.

ಸಾರಿಗೆ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟೇ. ಎಲ್.ಎಲ್. ಪ್ರಿಂಟ್ ತೆಗೆಯುವಾಗ ಅದರ ಜೊತೆಗೆ ಒಂದು ಪುಟದ ಕನ್ನಡ ಹಾಳೆಯೂ ಬರುವಂತೆ ಮಾಡಲಿ. 3ನೇ ನಿಯಮ ಏನು ಹೇಳುತ್ತದೆ, ಅದನ್ನು ಮುರಿದರೆ ವಿಮೆಯಲ್ಲಿ ಏನು ತಪ್ಪಿಹೋಗುತ್ತದೆ ಎಂಬುದು ಅದರಲ್ಲಿ ಆಡುಮಾತಿಗೆ ಹತ್ತಿರವಾದ ಕನ್ನಡದಲ್ಲಿರಲಿ. ವಿಮಾ ಕಂಪನಿಗಳೂ ಇಡೀ ಪಾಲಿಸಿಯನ್ನಲ್ಲದಿದ್ದರೆ ಚಾಲಕರ ಷರತ್ತಿನ ಆ ನಾಲ್ಕು ಸಾಲನ್ನಾದರೂ ಕನ್ನಡದಲ್ಲಿ ಮುದ್ರಿಸಿ ಕೊಡಬಹುದು. ಕಲಿಯುವವರಲ್ಲಿ ನನ್ನಂತೆ ಇಂಗ್ಲಿಷಿನ ಸಣ್ಣ ಅಕ್ಷರಕ್ಕೆ ಹೆದರಿ ಪುಟ ಮಗುಚುವವರೇ ಹೆಚ್ಚು.

ನನ್ನ ಡ್ರೈವಿಂಗ್ ಪರೀಕ್ಷೆ ಮುಂದಿನ ತಿಂಗಳಿದೆ. ಅಲ್ಲಿಯವರೆಗೆ ಎಂಜಿನ್ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಉಣುಗೋಲು ಸರಿಸಲು ನಾನೇ ಇಳಿಯುತ್ತಿದ್ದೇನೆ.

– ಓದುಗರೊಬ್ಬರು,
ಆಲ್ದೂರು ಹೋಬಳಿ, ಚಿಕ್ಕಮಗಳೂರು ತಾಲ್ಲೂಕು