ಗಸಗಸೆ ಪಾಯಸ ಬೇಡ, ಕಾಫಿ ಕೊಡಿ

ಮಾನ್ಯ ಸಂಪಾದಕರೇ,

ಮುಳ್ಳಯ್ಯನಗಿರಿ, ಬೇಲೂರು, ಹಳೇಬೀಡು, ಸಕಲೇಶಪುರ ಅಂತ ರಜೆಗೆ ಬರುವವರ ನಡುವೆ ಸಿನಿಮಾದವರೂ ಆಟಗಾರರೂ ಇದ್ದೇ ಇರುತ್ತಾರೆ. ಟೋಪಿ ಕೆಳಗೆಳೆದುಕೊಂಡು ತಿಂಡಿ ಹೋಟೆಲಿನ ಮೂಲೆ ಟೇಬಲ್ಲಿನಲ್ಲಿ ಕೂತರೂ ನಮ್ಮವರು ಗುರುತು ಹಿಡಿದುಬಿಡುತ್ತಾರೆ. ಜಾವಗಲ್ ಎಂಬ ಊರಿನ ಹೆಸರು ಹೊತ್ತು 236 ಟೆಸ್ಟ್ ವಿಕೆಟ್ ಪಡೆದ ಶ್ರೀನಾಥ್, ಕಡೂರಿನಿಂದ ಹೊರಟು 2017ರ ವಿಶ್ವಕಪ್ ಫೈನಲ್‌ವರೆಗೆ ಹೋದ ವೇದಾ ಕೃಷ್ಣಮೂರ್ತಿ ಇಂಥವರನ್ನು ಕಂಡ ಹಾಸನ, ಚಿಕ್ಕಮಗಳೂರು ಈ ಎರಡು ಜಿಲ್ಲೆಗಳಿಗೆ ಆಟಗಾರರ ಮೇಲೆ ಅಭಿಮಾನ ಹೆಚ್ಚೇ. ಆದರೆ ಆಟಗಾರರು ಎದುರಾದಾಗ ನಾವು ತೋರಿಸುವ ಪ್ರೀತಿಯಿಂದಲೇ ಅವರಿಗೆ ತೊಂದರೆಯಾಗಬಹುದು. ಅದು ಬಹಳ ಜನಕ್ಕೆ ತಿಳಿಯದು ಎಂಬ ಕಾರಣಕ್ಕೆ ಈ ಪತ್ರ.

ಮೊದಲು ಊಟದ ವಿಷಯ. ಮನೆಗೆ ದೊಡ್ಡವರು ಬಂದರೆ ಗಸಗಸೆ ಪಾಯಸ ಮಾಡುವುದು ನಮ್ಮಲ್ಲಿ ವಾಡಿಕೆ. ಗಸಗಸೆ ಅಫೀಮು ಗಿಡದ ಬೀಜ. ಬೀಜದ ಒಳಗೆ ಅಫೀಮಿನ ಮತ್ತು ತರುವ ಅಂಶವಾದ ಮಾರ್ಫಿನ್ ಹೆಚ್ಚುಕಡಿಮೆ ಇಲ್ಲವೆನ್ನಬಹುದು. ಆದರೆ ಕೊಯ್ಲಿನಲ್ಲಿ ಕಾಯಿ ಒಡೆಯುವಾಗ ಅದರ ಹಾಲು ಮತ್ತು ಸಿಪ್ಪೆಯ ಪುಡಿ ಬೀಜದ ಮೈಗೆ ಅಂಟಿಕೊಳ್ಳುತ್ತದೆ. ಎಷ್ಟು ಅಂಟಿದೆ ಎಂಬುದು ಮೂಟೆಯಿಂದ ಮೂಟೆಗೆ ಬೇರೆ. ತೊಳೆದು ಹುರಿದರೆ ಸ್ವಲ್ಪ ಕಡಿಮೆಯಾದೀತು, ಪೂರ್ತಿ ಹೋಯಿತೆಂದು ಯಾರೂ ಹೇಳಲಾಗದು. ಬನ್ನಿನ ಮೇಲೆ ಚಿಟಿಕೆ ಉದುರಿಸಿದ್ದಕ್ಕೂ, ಹುರಿದು ತೆಂಗಿನಕಾಯಿ ಜೊತೆ ನುಣ್ಣಗೆ ರುಬ್ಬಿ ಲೋಟದ ತುಂಬ ಕೊಡುವ ಪಾಯಸಕ್ಕೂ ಅಜಗಜಾಂತರ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾದ ಪಟ್ಟಿಯಲ್ಲಿ ಮಾರ್ಫಿನ್ ಸ್ಪರ್ಧೆಯ ಸಮಯದಲ್ಲಿ ನಿಷಿದ್ಧ. ಮೂತ್ರದಲ್ಲಿ ಮಿಲಿಲೀಟರಿಗೆ 1 ಮೈಕ್ರೋಗ್ರಾಂ ದಾಟಿದರೆ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯವಾಗಿ ಸ್ಪರ್ಧೆಯ ಹಿಂದಿನ ರಾತ್ರಿ 11.59ಕ್ಕೇ ಈ ಸಮಯ ಶುರು. ಹಾಗಾಗಿ ಎರಡು ಮೂರು ದಿನದಲ್ಲಿ ಪಂದ್ಯವೋ ಓಟವೋ ಇರುವವರಿಗೆ ಪಾಯಸ ಬಡಿಸಲೇಬೇಡಿ. ಕುರ್ಮಕ್ಕೆ ಗಸಗಸೆ ಅರೆದು ಹಾಕಿದ್ದರೆ ಅದನ್ನೂ ಮೊದಲೇ ಹೇಳಿ.

‘ನಮಗೆ ಗೊತ್ತಿರಲಿಲ್ಲ, ಅವರು ಪ್ರೀತಿಯಿಂದ ಕೊಟ್ಟರು’ ಎಂಬ ಮಾತು ಅಲ್ಲಿ ಆಟಗಾರರನ್ನು ಕಾಪಾಡುವುದಿಲ್ಲ. ನಿಷಿದ್ಧ ವಸ್ತು ದೇಹದಲ್ಲಿ ಸಿಕ್ಕಿತೆಂದರೆ ಹೊಣೆ ಆಟಗಾರರದೇ. ಹೇಗೆ ಬಂತು ಎಂಬುದು ಶಿಕ್ಷೆ ಎಷ್ಟು ಎಂದು ತೀರ್ಮಾನಿಸುವಾಗ ಬರುವ ಪ್ರಶ್ನೆ. ಘಾಟಿಯ ಚಳಿಗೆ ಸೀನುತ್ತಿದ್ದಾರೆಂದು ಕೈಚೀಲದಿಂದ ಶೀತದ ಮಾತ್ರೆ ತೆಗೆದು ಕೊಡುವ ಅಕ್ಕಂದಿರು, ಊರಿನ ಕಷಾಯದ ಪುಡಿ ಪೊಟ್ಟಣ ಕಟ್ಟಿಕೊಡುವ ಹಿರಿಯರು ಇದನ್ನು ದಯವಿಟ್ಟು ಗಮನಿಸಬೇಕು. ಕೆಲವು ಶೀತದ ಮಾತ್ರೆಗಳಲ್ಲಿರುವ ಸೂಡೋಎಫೆಡ್ರಿನ್ ಕೂಡ ಮಿತಿ ಮೀರಿದರೆ ಸ್ಪರ್ಧೆಯ ವೇಳೆ ನಿಷಿದ್ಧ. ಪುಡಿಯಲ್ಲಿ ಏನೇನಿದೆ ಎಂದು ಪೊಟ್ಟಣದ ಮೇಲೆ ಬರೆದಿರುವುದೇ ಇಲ್ಲ. ನೀರು ಕೊಡುವುದಾದರೆ ಸೀಲ್ ಒಡೆಯದ ಬಾಟಲಿ ಕೊಡಿ, ಮುಚ್ಚಳ ಅವರೇ ತೆಗೆಯಲಿ. ತೆರೆದ ಬಾಟಲಿ ಬೇಡವೆಂದರೆ ಅದು ಜಂಬವಲ್ಲ, ಅವರಿಗೆ ಹಾಗೆಯೇ ಕಲಿಸಿರುತ್ತಾರೆ.

ಕಾಫಿಗೆ ಮಾತ್ರ ಅಡ್ಡಿಯಿಲ್ಲ. ಹಿಂದೆ ಕೆಫೀನ್‌ಗೂ ಮಿತಿ ಇತ್ತು, ಮೂತ್ರದಲ್ಲಿ ಮಿಲಿಲೀಟರಿಗೆ 12 ಮೈಕ್ರೋಗ್ರಾಂ. 2004ರ ಜನವರಿಯಿಂದ ಅದನ್ನು ನಿಷೇಧದ ಪಟ್ಟಿಯಿಂದ ತೆಗೆದರು, ಈಗ ನಿಗಾ ಇಡುತ್ತಾರೆ ಅಷ್ಟೇ. ನಮ್ಮ ತೋಟದ ಬೀಜ ಹುರಿದು ಪುಡಿ ಮಾಡಿ ಇಳಿಸಿದ ಡಿಕಾಕ್ಷನ್ನಿನ ಒಂದು ಲೋಟ ಕಾಫಿಗಿಂತ ಒಳ್ಳೆಯ ಉಪಚಾರ ಇನ್ನೇನು ಬೇಕು?

ಹೋಂಸ್ಟೇಯವರಿಗೆ ಇನ್ನೊಂದು ಮಾತಿದೆ, ಇದು ಪಾಯಸಕ್ಕಿಂತಲೂ ಮುಖ್ಯ. ಮೇಲ್ಮಟ್ಟದ ಆಟಗಾರರು ಉದ್ದೀಪನ ಮದ್ದಿನ ಪರೀಕ್ಷಾ ಪಟ್ಟಿಯಲ್ಲಿದ್ದರೆ ದಿನಕ್ಕೆ 60 ನಿಮಿಷ ಎಲ್ಲಿ ಸಿಗುತ್ತೇವೆಂದು ಮೊದಲೇ ಬರೆದುಕೊಟ್ಟಿರಬೇಕು. ರಜೆಯಲ್ಲಿದ್ದರೂ ಸರಿ, ನಿಮ್ಮ ಎಸ್ಟೇಟಿನ ಬಂಗಲೆಯಲ್ಲಿದ್ದರೂ ಸರಿ. ಆ ಹೊತ್ತಿಗೆ ಮಾದರಿ ತೆಗೆಯುವ ಅಧಿಕಾರಿ ಮುನ್ಸೂಚನೆ ಇಲ್ಲದೆ ಬಂದು ಬಾಗಿಲು ತಟ್ಟಬಹುದು. ಬೆಳಿಗ್ಗೆ ಐದೂವರೆಗೆ ಅಪರಿಚಿತರು ಬಂದು ‘ಇಂಥವರು ಇಲ್ಲಿದ್ದಾರಾ’ ಅಂದರೆ, ಅಭಿಮಾನಿಗಳ ಕಾಟವಿರಬೇಕು ಎಂದುಕೊಂಡು ‘ಆ ಹೆಸರಿನವರು ಯಾರೂ ಇಲ್ಲ’ ಎಂದು ಗೇಟಿನಲ್ಲೇ ಕಳಿಸುವುದು ಒಳ್ಳೆಯ ಕೆಲಸಗಾರನ ಲಕ್ಷಣವೇ. ಆದರೆ ಹಾಗೆ ಕಳಿಸಿದರೆ ಆಟಗಾರರ ಹೆಸರಿನಲ್ಲಿ ಒಂದು ಪರೀಕ್ಷೆ ತಪ್ಪಿದಂತೆ ದಾಖಲಾಗಬಹುದು. ಪರೀಕ್ಷೆ ತಪ್ಪಿದ್ದು, ವಿವರ ಕೊಡದೆ ಬಿಟ್ಟದ್ದು ಎಲ್ಲ ಸೇರಿ 12 ತಿಂಗಳಲ್ಲಿ ಮೂರಾದರೆ ನಿಯಮಭಂಗ, ಎರಡು ವರ್ಷದವರೆಗೂ ಆಟದಿಂದ ಹೊರಗೆ. ಮೊಬೈಲಿಗೆ ಕರೆ ಮಾಡಿ ಕೇಳಬೇಕೆಂಬ ಕಟ್ಟುಪಾಡು ಅಧಿಕಾರಿಗಿಲ್ಲ. ಮಾಡಿದರೂ ತೋಟದ ನಡುವೆ ಸಿಗ್ನಲ್ ಎಲ್ಲಿ? ಆದ್ದರಿಂದ ಬಂದವರ ಗುರುತಿನ ಚೀಟಿ ನೋಡಿ, ಗೇಟಿನಲ್ಲೇ ಕೂರಿಸಿ, ನೇರ ಕೋಣೆಗೆ ಹೋಗಿ ಅತಿಥಿಗಳನ್ನೇ ಎಬ್ಬಿಸಿ ತಿಳಿಸಿ. ಆಟಗಾರರು ಬಂದಿಳಿದ ದಿನವೇ ‘ಬೆಳಿಗ್ಗೆ ಯಾರಾದರೂ ಪರೀಕ್ಷೆಗೆ ಬರಬಹುದಾ’ ಎಂದು ಕೇಳಿ, ರಾತ್ರಿ ಕಾವಲಿನವರಿಗೂ ಹೇಳಿಟ್ಟರೆ ಗೊಂದಲವೇ ಇಲ್ಲ.

ರ‍್ಯಾಲಿ (ಕಾರು ಓಟದ ಸ್ಪರ್ಧೆ) ಬಂದಾಗಿನ ಕಥೆ ಬೇರೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ದಾರಿಗಳಲ್ಲಿ ರಾಷ್ಟ್ರೀಯ ರ‍್ಯಾಲಿಯ ಸುತ್ತುಗಳು ನಡೆದಿವೆ, ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ಸುತ್ತೂ ನಡೆದಿದೆ. ಆ ಚಾಂಪಿಯನ್‌ಷಿಪ್ಪನ್ನು ಮೂರು ಬಾರಿ ಗೆದ್ದು, ಮೋಟಾರ್ ಕ್ರೀಡೆಯಿಂದ ಮೊದಲ ಅರ್ಜುನ ಪ್ರಶಸ್ತಿಯನ್ನು 2019ರಲ್ಲಿ ಪಡೆದ ಗೌರವ್ ಗಿಲ್ ಇಲ್ಲೂ ಕಾರು ಓಡಿಸಿದವರು. ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವಾಗ ರ‍್ಯಾಲಿ ಕಾರು ನಮ್ಮ ನಿಮ್ಮಂತೆ ಸಾರ್ವಜನಿಕ ರಸ್ತೆಯಲ್ಲೇ, ಸಂಚಾರ ನಿಯಮ ಪಾಲಿಸಿಕೊಂಡೇ ಹೋಗಬೇಕು. ಸಮಯ ದಾಖಲಿಸುವ ಜಾಗದ, ಅಂದರೆ ಕಂಟ್ರೋಲಿನ, ಹಳದಿ ಫಲಕದ ಹಿಂದೆ ಕಾರು ಸುಮ್ಮನೆ ನಿಂತಿದ್ದರೆ ಮಾತಾಡಿಸಲು ಒಳ್ಳೆಯ ಅವಕಾಶವೆಂದು ಅನಿಸುತ್ತದೆ. ಆದರೆ ಅವರು ತಮ್ಮ ನಿಮಿಷಕ್ಕಾಗಿ ಕಾಯುತ್ತಿರುತ್ತಾರೆ. ಅಂತಾರಾಷ್ಟ್ರೀಯ ನಿಯಮದಂತೆ ಕಂಟ್ರೋಲ್‌ಗೆ ಒಂದು ನಿಮಿಷ ತಡವಾದರೆ 10 ಸೆಕೆಂಡು ದಂಡ, ಒಂದು ನಿಮಿಷ ಮುಂಚೆ ಹೋದರೆ ಒಂದು ನಿಮಿಷ ದಂಡ. ಪಕ್ಕದಲ್ಲಿ ಕೂತ ಸಹಚಾಲಕರ ಕಣ್ಣು ಗಡಿಯಾರದ ಮೇಲಿರುತ್ತದೆ. ಕಿಟಕಿಗೆ ಮೊಬೈಲ್ ಹಿಡಿದು ‘ಸಾರ್ ಒಂದೇ ಒಂದು ಸೆಲ್ಫಿ’ ಅಂದರೆ ಹೋಗುವುದು ಅವರ ಸಮಯ. ಮಾತು, ಹಸ್ತಾಕ್ಷರ, ಫೋಟೋಗೆಲ್ಲ ಸರ್ವಿಸ್ ಪಾರ್ಕ್ ಇದೆ. ಅಲ್ಲಿಗೆ ಹೋಗಿ, ಮೆಕ್ಯಾನಿಕ್‌ಗಳು ಕಾರಿನ ಅಡಿಯಿಂದ ಎದ್ದ ಮೇಲೆ ಕೇಳಿ.

ಹಸ್ತಾಕ್ಷರಕ್ಕೆ ಹತ್ತು ಸೆಕೆಂಡು ಸಾಕು, ತಯಾರಿ ನಿಮ್ಮದಿರಬೇಕು. ಪುಸ್ತಕದ ಪುಟ ಬಿಡಿಸಿ, ಅಡಿಗೆ ಗಟ್ಟಿ ರಟ್ಟು ಇಟ್ಟು, ಪೆನ್ನಿನ ಮುಚ್ಚಳ ತೆಗೆದು ಕೊಡಿ. ಕೆಂಪು ಚೆಂಡಿನ ಮೆರುಗಿನ ಮೇಲೆ ಬಾಲ್‌ಪೆನ್ ಜಾರುತ್ತದೆ, ಒಣ ಬಟ್ಟೆಯಿಂದ ಒರೆಸಿ ಬೆಳ್ಳಿ ಬಣ್ಣದ ಮಾರ್ಕರ್ ಕೊಡಿ, ಒಣಗುವವರೆಗೆ ಜೇಬಿಗೆ ಹಾಕಬೇಡಿ. ಬಣ್ಣ ಹಚ್ಚದ ಪುಟ್ಟ ಬ್ಯಾಟಿನ ಮರದಲ್ಲಿ ಮಾರ್ಕರ್ ಎಳೆ ಹಿಡಿದು ಹರಡುತ್ತದೆ, ಅದಕ್ಕೆ ಬಾಲ್‌ಪೆನ್ನೇ ವಾಸಿ. ನೋಟಿನ ಮೇಲೆ ಬರೆಸಬೇಡಿ, ನೋಟಿನ ಮೇಲೆ ಏನನ್ನೂ ಬರೆಯಬಾರದೆಂದು ರಿಸರ್ವ್ ಬ್ಯಾಂಕ್ ಕೇಳಿಕೊಳ್ಳುತ್ತಲೇ ಇದೆ. ಬೌಲರ್ ಸಿಕ್ಕರೆಂದು ಕೈ ಹಿಡಿದು ಅಮುಕುವುದೂ ಬೇಡ. ನಮಸ್ಕಾರ ಸಾಕು.

ಫೋಟೋ ವಿಷಯದಲ್ಲಿ ಜಾಗ ನೋಡಿ. ಕೈಮರದಿಂದ ಮೇಲೆ ಮುಳ್ಳಯ್ಯನಗಿರಿಯ ದಾರಿ ಕಿರಿದು. ತಿರುವಿನಲ್ಲಿ ಒಬ್ಬರು ಬ್ರೇಕ್ ಹಾಕಿ ಇಳಿದರೆ ಹಿಂದಿನ ಗಾಡಿಗಳೆಲ್ಲ ಇಳಿಜಾರಿನಲ್ಲಿ ನಿಲ್ಲಬೇಕು, ಮಂಜು ಕವಿದಿದ್ದರೆ ಕಾಣುವುದೂ ಇಲ್ಲ. ತೆಗೆದ ಫೋಟೋವನ್ನು ಜಾಗದ ಹೆಸರಿನ ಸಮೇತ ಅಲ್ಲೇ ಸ್ಟೇಟಸ್ಸಿಗೆ ಹಾಕಿದರೆ ಅರ್ಧ ಗಂಟೆಯಲ್ಲಿ ಇನ್ನೂ ಹತ್ತು ಬೈಕು ಬಂದು ನಿಲ್ಲುತ್ತವೆ. ಅವರು ಊರು ಬಿಟ್ಟ ಮರುದಿನ ಹಾಕಿ. ಅವರ ಮಕ್ಕಳು ಫೋಟೋದಲ್ಲಿದ್ದರೆ ಹಾಕಲೇಬೇಡಿ. ಕಾರಿಗೆ ಅಡ್ಡ ನಿಂತು ಮುಂದೆ ಹೋಗಲು ಬಿಡದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 126ನೇ ಕಲಮಿನಡಿ ಅದು ಅಪರಾಧವಾಗುತ್ತದೆ ಎಂಬುದೂ ನೆನಪಿರಲಿ.

ಹೋಟೆಲಿನವರು ಅಂಥ ಫೋಟೋಗೆ ಚೌಕಟ್ಟು ಹಾಕಿಸಿ ಗಲ್ಲಾದ ಹಿಂದೆ ನೇತುಹಾಕುವುದು ಹಳೆಯ ಪದ್ಧತಿ, ಅದಕ್ಕೂ ಅವರನ್ನು ಒಂದು ಮಾತು ಕೇಳಿದರೆ ಚೆನ್ನ. ಅದೇ ಫೋಟೋ ಫ್ಲೆಕ್ಸಿಗೋ ಜಾಹೀರಾತಿಗೋ ಏರಿದರೆ ಲಿಖಿತ ಒಪ್ಪಿಗೆ ಬೇಕು. ಅಮಿತಾಭ್ ಮತ್ತು ಜಯಾ ಬಚ್ಚನ್ ಅವರ ಚಿತ್ರವನ್ನು ಅನುಮತಿಯಿಲ್ಲದೆ ಜಾಹೀರಾತಿಗೆ ಬಳಸಿದ ಆಭರಣ ಅಂಗಡಿಯ ವಿರುದ್ಧ 2012ರಲ್ಲೇ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟಿದೆ.

ನಮ್ಮ ಕೋರಿಕೆ ಒಂದೇ. ರ‍್ಯಾಲಿ, ಕ್ರೀಡಾಕೂಟ, ಟೂರ್ನಿಗಳು ನಡೆಯುವ ವಾರಗಳಲ್ಲಿ ಎರಡೂ ಜಿಲ್ಲೆಗಳ ಹೋಟೆಲು, ಹೋಂಸ್ಟೇ, ಮೆಸ್ಸುಗಳವರು ಊಟದ ಪಟ್ಟಿಯಲ್ಲಿ ‘ಇದರಲ್ಲಿ ಗಸಗಸೆ ಇದೆ’ ಎಂದು ದಪ್ಪಕ್ಷರದಲ್ಲಿ ಬರೆಯಲಿ. ಕೂಟ ನಡೆಸುವವರೂ ಅಡುಗೆಯವರಿಗೆ ಮೊದಲ ದಿನವೇ ಇದನ್ನು ಹೇಳಲಿ.

– ಹೋಂಸ್ಟೇ ಮತ್ತು ಪ್ರವಾಸಿ ವಾಹನ ನಡೆಸುವ ಕೆಲವರು, ಚಿಕ್ಕಮಗಳೂರು